ಬ್ಲೀಚಿಂಗ್ ವಾಸನೆ ಬಂದ ದಿನ ಹೆದರಬೇಡಿ, ಬಾರದ ದಿನ ಕೇಳಿ

ಪ್ರಶ್ನೆ: ನಮ್ಮ ಮನೆ ಶಿವಮೊಗ್ಗದ ವಿನೋಬನಗರದಲ್ಲಿದೆ. ಮಳೆ ಜೋರಾದಾಗಿನಿಂದ ನಲ್ಲಿ ನೀರು ದಿನಕ್ಕೊಂದು ತರಹ ಬರುತ್ತಿದೆ. ಬೆಳಿಗ್ಗೆ ಮೊದಲು ಬರುವ ನೀರು ಕೆಂಪಗಿರುತ್ತದೆ, ಆಮೇಲೆ ತಿಳಿಯಾಗುತ್ತದೆ. ಒಮ್ಮೊಮ್ಮೆ ಹಾಲು ಬೆರೆಸಿದ ಹಾಗೆ ಬೆಳ್ಳಗಿರುತ್ತದೆ. ಕೆಲವು ದಿನ ಬ್ಲೀಚಿಂಗ್ ಪೌಡರ್ ವಾಸನೆ ಮೂಗಿಗೆ ಹೊಡೆಯುತ್ತದೆ, ಕೆಲವು ದಿನ ಏನೂ ಇರುವುದಿಲ್ಲ. ನೀರು ಸಂಪಿಗೆ ಬಿದ್ದು, ಅಲ್ಲಿಂದ ಮೋಟರ್ ಹಾಕಿ ಮೇಲಿನ ಟ್ಯಾಂಕಿಗೆ ಏರಿಸುತ್ತೇವೆ. ಎರಡೂವರೆ ವರ್ಷದ ಮಗನಿಗೆ ಕಳೆದ ತಿಂಗಳು ಮೂರು ದಿನ ಭೇದಿಯಾಯಿತು. ಆರ್‌ಒ ಮಾರುವವರು ಮನೆಗೇ ಬಂದು ಮೀಟರ್ ಅದ್ದಿ, ನಮ್ಮ ನೀರಿನ ಟಿಡಿಎಸ್ (ಕರಗಿದ ಲವಣದ ಅಳತೆ) 72, ಅವರ ಮಷಿನ್ ನೀರಿನದು 14 ಎಂದು ತೋರಿಸಿ ಹೋದರು. ಅತ್ತೆ ಮಾತ್ರ ‘ಗಂಗಾ ಸ್ನಾನ, ತುಂಗಾ ಪಾನ ಅಂತ ಹಿರಿಯರು ಸುಮ್ಮನೆ ಹೇಳಿದ್ರಾ, ಬಟ್ಟೆಯಲ್ಲಿ ಸೋಸಿ ಕುಡಿದರೆ ಸಾಕು’ ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಮೊದಲು ಮಗುವಿನ ವಿಷಯ. ನೀರಿನ ಗೊಂದಲ ಬಗೆಹರಿಯುವವರೆಗೆ ಅವನಿಗೆ ಕೊಡುವ ಅಷ್ಟೂ ನೀರನ್ನು ಕುದಿಸಿಯೇ ಕೊಡಿ. ಬಿಸಿ ಮಾಡುವುದು ಬೇರೆ, ಕುದಿಸುವುದು ಬೇರೆ. ತಳದಿಂದ ದೊಡ್ಡ ಗುಳ್ಳೆಗಳು ಎದ್ದು ನೀರು ಮಗುಚುವ ಹಾಗೆ ಒಂದು ನಿಮಿಷ ಕುದಿಯಬೇಕು. ಆಮೇಲೆ ಅದೇ ಪಾತ್ರೆಯಲ್ಲಿ ಮುಚ್ಚಳ ಹಾಕಿ ಆರಲು ಬಿಡಿ. ಬೇಗ ಆರಲೆಂದು ಇನ್ನೊಂದು ತಂಬಿಗೆಗೆ ಹುಯ್ದು, ಅದಕ್ಕೆ ಸ್ವಲ್ಪ ತಣ್ಣೀರು ಸೇರಿಸಿದರೆ ಕುದಿಸಿದ್ದು ವ್ಯರ್ಥ. ಮತ್ತೆ ಭೇದಿ ಕಾಣಿಸಿಕೊಂಡರೆ ಓಆರ್‌ಎಸ್ ಶುರು ಮಾಡಿ ಡಾಕ್ಟರಿಗೆ ತೋರಿಸಿ. ಮಗು ಮಂಕಾದರೆ, ಮೂತ್ರ ಕಡಿಮೆಯಾದರೆ, ಕಣ್ಣು ಗುಳಿಬಿದ್ದಂತೆ ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ.

ಇನ್ನು ನೀರಿನ ಮಾತು. ನಾನು ಮೂವತ್ತು ವರ್ಷಕ್ಕೂ ಮಿಕ್ಕಿ ನೀರಿನ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವನು. ಅದರಲ್ಲಿ ಹೆಚ್ಚಿನ ಕಾಲ ಮಲೆನಾಡಿನ ಊರುಗಳ ನೀರೇ ನನ್ನ ಮೇಜಿನ ಮೇಲಿತ್ತು. ನಿಮ್ಮ ಅತ್ತೆಯವರ ಮಾತಿನಲ್ಲಿ ದೊಡ್ಡ ಸತ್ಯವಿದೆ. ಮೀಟರ್ ತಂದವರು ತೋರಿಸಿದ ಅಂಕಿಯೂ ಸುಳ್ಳಲ್ಲ. ಆದರೆ ನಿಮ್ಮ ಮಗನಿಗೆ ಭೇದಿ ತರಬಲ್ಲ ವಿಷಯ ಈ ಎರಡರಲ್ಲೂ ಇಲ್ಲ.

ತುಂಗೆ ಹುಟ್ಟುವುದು ವರಾಹ ಪರ್ವತದ ಗಂಗಾಮೂಲದಲ್ಲಿ. ಶೃಂಗೇರಿ, ತೀರ್ಥಹಳ್ಳಿ ದಾಟಿ, ಗಾಜನೂರು ಅಣೆಕಟ್ಟೆಯಲ್ಲಿ ನಿಂತು ನಿಮ್ಮೂರಿಗೆ ಬರುತ್ತದೆ. ಅದು ಕರಗಿಸಿಕೊಳ್ಳಲು ದಾರಿಯಲ್ಲಿ ಸುಣ್ಣಕಲ್ಲಿನ ಬೆಟ್ಟವಿಲ್ಲ, ಉಪ್ಪಿನ ಭೂಮಿಯಿಲ್ಲ. ಮಳೆ ನೀರು ಕಾಡಿನ ನೆಲದ ಮೇಲೆ ಹರಿದು ಹೊಳೆ ಸೇರುತ್ತದೆ, ಹಾಗಾಗಿ ಬಹಳ ಮೆದುವಾದ ನೀರು. ಬೇಳೆ ಬೇಗ ಬೇಯುತ್ತದೆ, ಸೋಪು ಚೆನ್ನಾಗಿ ನೊರೆ ಬರುತ್ತದೆ, ಪಾತ್ರೆಯ ತಳದಲ್ಲಿ ಬಿಳಿ ಹೊಪ್ಪಳೆ ಕಟ್ಟುವುದಿಲ್ಲ. ತುಂಗೆಯ ನೀರು ಸಿಹಿ ಎಂದು ಹಿರಿಯರು ನಾಲಗೆಯಿಂದ ಅಳೆದು ಹೇಳಿದ್ದನ್ನೇ ಮೀಟರ್ 72 ಎಂದು ಹೇಳಿದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಒಂದು ಲೀಟರಿಗೆ 500 ಮಿಲಿಗ್ರಾಂವರೆಗೆ ಟಿಡಿಎಸ್ ಇದ್ದರೆ ತಕರಾರೇ ಇಲ್ಲ. ಬೇರೆ ನೀರು ಸಿಗದ ಕಡೆ 2000ದವರೆಗೂ ಬಿಟ್ಟಿದ್ದಾರೆ. ಪಾವಗಡದಲ್ಲೋ ಕೋಲಾರದಲ್ಲೋ ಸಾವಿರ ಅಡಿ ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿಯುವವರಿಗೆ ಆರ್‌ಒ ಬೇಕು, ಅಲ್ಲಿ ಅದು ಮಕ್ಕಳ ಹಲ್ಲು, ಮೂಳೆ ಕಾಯುವ ಯಂತ್ರ. 72 ಇರುವ ತುಂಗೆಯ ನೀರನ್ನು 14ಕ್ಕೆ ಇಳಿಸಿ ನಿಮಗೆ ಆಗಬೇಕಾದ್ದೇನೂ ಇಲ್ಲ. ಒಂದು ಲೀಟರ್ ಕೊಡಲು ಎರಡು ಮೂರು ಲೀಟರ್ ಒಳ್ಳೆಯ ನೀರನ್ನು ಚರಂಡಿಗೆ ಬಿಡುವ ಯಂತ್ರವನ್ನು ಹೊಳೆ ದಂಡೆಯ ಊರಿನಲ್ಲಿ ಗೋಡೆಗೆ ಹೊಡೆಯುವುದು ನೋಡಿದರೆ ನನಗೆ ಸಂಕಟವಾಗುತ್ತದೆ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ಬಳಕೆಯನ್ನು ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು.

ಮಾರುವವರು ಇನ್ನೊಂದು ಆಟ ತೋರಿಸಿರಬಹುದು. ಎರಡು ಲೋಟ ನೀರಿಗೆ ಕರೆಂಟಿನ ಕಡ್ಡಿ ಇಳಿಸುತ್ತಾರೆ, ನಲ್ಲಿ ನೀರು ಕಂದು ಬಣ್ಣದ ಕೊಚ್ಚೆಯಾಗುತ್ತದೆ, ಅವರ ನೀರು ಹಾಗೇ ಇರುತ್ತದೆ. ಆ ಕೊಚ್ಚೆ ನೀರಿನಿಂದ ಬಂದದ್ದಲ್ಲ, ಕಡ್ಡಿಯ ಕಬ್ಬಿಣ ಕರಗಿ ಬಂದದ್ದು. ಲವಣವಿರುವ ನೀರಿನಲ್ಲಿ ಕರೆಂಟು ಹರಿಯುತ್ತದೆ, ಲವಣ ತೆಗೆದ ನೀರಿನಲ್ಲಿ ಹರಿಯುವುದಿಲ್ಲ. ಅಷ್ಟೇ ಅದರ ಗುಟ್ಟು.

ಟಿಡಿಎಸ್ ಮೀಟರಿಗೆ ಕಾಣುವುದು ಕರಗಿದ ಲವಣ ಮಾತ್ರ. ಒಂದು ಲೋಟ ತುಂಗೆಯ ನೀರಿಗೆ ಒಂದು ಚಮಚ ಚರಂಡಿ ನೀರು ಬೆರೆಸಿದರೆ ಮೀಟರಿನ ಅಂಕಿ ಕದಲಿದರೂ ನಾಲ್ಕಾರು ಅಂಕಿ ಕದಲೀತು. ಆ ಚಮಚದಲ್ಲಿ ಬಂದ ಭೇದಿಯ, ಕಾಮಾಲೆಯ ರೋಗಾಣುಗಳನ್ನು ಅದು ಲೆಕ್ಕ ಹಿಡಿಯುವುದಿಲ್ಲ. ಚಿಕ್ಕ ಊರುಗಳ ನಲ್ಲಿ ನೀರಿನಲ್ಲಿ ಜನರನ್ನು ಮಲಗಿಸುವುದು ಹೆಚ್ಚಾಗಿ ಈ ಚಮಚವೇ. 2022ರ ಮೇ ಕೊನೆಯಲ್ಲಿ ರಾಯಚೂರು ನಗರದಲ್ಲಿ, 2023ರ ಆಗಸ್ಟ್ ಹೊತ್ತಿಗೆ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಜನ ವಾಂತಿಭೇದಿಯಿಂದ ಸತ್ತರು. ಎರಡು ಕಡೆಯೂ ಜನ ಕುಡಿದದ್ದು ಮನೆ ಬಾಗಿಲಿಗೆ ಪೈಪಿನಲ್ಲಿ ಬಂದ ನೀರನ್ನೇ.

ಈಗ ನಿಮ್ಮ ಬಣ್ಣಗಳನ್ನು ಒಂದೊಂದಾಗಿ ನೋಡೋಣ. ಇದಕ್ಕೆ ಬೇಕಾದ್ದು ಒಂದು ಗಾಜಿನ ಲೋಟ ಮತ್ತು ಕಾಲು ಗಂಟೆ.

ಬೆಳ್ಳಗಿರುವ ನೀರನ್ನು ಲೋಟಕ್ಕೆ ಹಿಡಿದು ಕಟ್ಟೆಯ ಮೇಲಿಟ್ಟು ನೋಡುತ್ತಿರಿ. ತಳದಿಂದ ಮೇಲಕ್ಕೆ ತಿಳಿಯಾಗುತ್ತ ಬಂದು ಒಂದೆರಡು ನಿಮಿಷದಲ್ಲಿ ಪೂರ್ತಿ ತಿಳಿಯಾದರೆ ಅದು ಗಾಳಿ. ಪೈಪಿನಲ್ಲಿ ಒತ್ತಡದಲ್ಲಿದ್ದ ಗಾಳಿ ನಲ್ಲಿಯಿಂದ ಹೊರಬಿದ್ದಾಗ ಸಣ್ಣ ಗುಳ್ಳೆಗಳಾಗಿ ಮೇಲೇರುತ್ತದೆ, ಸೋಡಾದ ಹಾಗೆ. ಅದರಿಂದ ಏನೂ ತೊಂದರೆಯಿಲ್ಲ. ಮೇಲಿನಿಂದ ಕೆಳಕ್ಕೆ ನಿಧಾನವಾಗಿ ತಿಳಿಯಾದರೆ ಅಥವಾ ಗಂಟೆ ಕಳೆದರೂ ಮಬ್ಬಾಗಿಯೇ ಉಳಿದರೆ ಅದು ಮಣ್ಣು, ಆಗ ಎಚ್ಚರ ವಹಿಸಬೇಕು.

ಬೆಳಿಗ್ಗೆಯ ಕೆಂಪು ನೀರನ್ನೂ ಹೀಗೇ ಹಿಡಿದಿಡಿ. ಹತ್ತು ನಿಮಿಷದಲ್ಲಿ ತಳದಲ್ಲಿ ಕಂದು ಪುಡಿ ಕೂತು, ಮೇಲೆ ತಿಳಿ ನೀರು ನಿಂತರೆ ಅದು ತುಕ್ಕು. ಬಿಳಿ ಬಟ್ಟೆಯಲ್ಲಿ ಸೋಸಿದರೆ ಕೆಂಪು ಕಲೆ ಉಳಿಯುತ್ತದೆ, ಸೋಪು ಹಾಕಿ ಉಜ್ಜಿದರೂ ಹೋಗುವುದಿಲ್ಲ. ಮೆದು ನೀರಿಗೆ ಒಂದು ಕೆಟ್ಟ ಗುಣವಿದೆ, ಕಬ್ಬಿಣದ ಪೈಪನ್ನು ಸುಲಭವಾಗಿ ತಿನ್ನುತ್ತದೆ. ಗಡಸು ನೀರಾದರೆ ಪೈಪಿನ ಒಳಮೈಗೆ ಸುಣ್ಣದ ಲೇಪ ಕೊಟ್ಟು ಕಾಪಾಡುತ್ತದೆ, ತುಂಗೆಯ ನೀರಿಗೆ ಆ ಶಕ್ತಿಯಿಲ್ಲ. ನಿಮ್ಮ ಮನೆಯಲ್ಲಿ ಇಪ್ಪತ್ತು ಮೂವತ್ತು ವರ್ಷದ ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಇದ್ದರೆ ರಾತ್ರಿಯಿಡೀ ನಿಂತ ನೀರು ಬೆಳಿಗ್ಗೆ ಕೆಂಪಗೆ ಬರುವುದು ಸಹಜ. ಮೊದಲ ಒಂದು ಬಕೆಟ್ಟನ್ನು ಗಿಡಕ್ಕೋ ಅಂಗಳ ತೊಳೆಯಲೋ ಬಳಸಿ. ಆ ತುಕ್ಕು ವಿಷವಲ್ಲ. ಆದರೆ ತುಕ್ಕು ಹಿಡಿದ ಪೈಪಿನ ಒರಟು ಒಳಮೈಯಲ್ಲಿ ಲೋಳೆ ಕಟ್ಟುತ್ತದೆ, ಅಲ್ಲಿಯೇ ಕ್ಲೋರಿನ್ನೂ ಖರ್ಚಾಗುತ್ತದೆ. ಪೈಪ್ ಬದಲಾಯಿಸುವ ಯೋಗ ಯಾವಾಗ ಬಂದರೂ ಮುಂದೂಡಬೇಡಿ.

ಆದರೆ ಕೆಂಪು ದಿನವಿಡೀ ಇದ್ದರೆ, ಪಕ್ಕದ ಮನೆಗೂ ಹಾಗೇ ಬರುತ್ತಿದ್ದರೆ, ಲೋಟದಲ್ಲಿ ಎಷ್ಟು ಹೊತ್ತಿಟ್ಟರೂ ತಳ ಸೇರದಿದ್ದರೆ ಅದು ಹೊಳೆಯ ಮಣ್ಣು. ಆಗುಂಬೆ, ಶೃಂಗೇರಿ ಕಡೆ ಆರಿದ್ರಾ ಪುನರ್ವಸು ಮಳೆ ಹಿಡಿದು ಹುಯ್ದರೆ, ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ಮುಳುಗುವುದನ್ನು ನೋಡಲು ಊರೇ ಸೇತುವೆ ಮೇಲೆ ನಿಲ್ಲುತ್ತದಲ್ಲ, ಆ ದಿನಗಳಲ್ಲಿ ಹೊಳೆ ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಆ ಮಣ್ಣಿನ ಕಣ ಎಷ್ಟು ನುಣುಪೆಂದರೆ ಬಿಟ್ಟರೆ ದಿನಗಟ್ಟಲೆ ತೇಲಿಕೊಂಡೇ ಇರುತ್ತದೆ. ಅದನ್ನು ಕೂರಿಸಲು ಮಂಡ್ಲಿಯ ಕೃಷ್ಣರಾಜೇಂದ್ರ ಜಲಶುದ್ಧೀಕರಣ ಘಟಕದಲ್ಲಿ ಆಲಂ, ಅಂದರೆ ಪಟಿಕ, ಬೆರೆಸುತ್ತಾರೆ. ನಮ್ಮಜ್ಜಿ ಹಂಡೆಯ ಬಗ್ಗಡ ನೀರಿನಲ್ಲಿ ಪಟಿಕದ ಗಟ್ಟಿಯನ್ನು ಎರಡು ಸುತ್ತು ಆಡಿಸಿ ಬಿಡುತ್ತಿದ್ದಳು, ಇದೂ ಅದೇ ವಿದ್ಯೆ. ಕಣಗಳು ಒಂದನ್ನೊಂದು ಹಿಡಿದುಕೊಂಡು ಹಿಂಜಿದ ಅರಳೆಯಂಥ ಗಂಟುಗಳಾಗಿ ತಳಕ್ಕಿಳಿಯುತ್ತವೆ. ಉಳಿದದ್ದು ಮರಳಿನ ಹಾಸಿನಲ್ಲಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಕ್ಲೋರಿನ್.

ಇಲ್ಲಿ ಕೈಚಳಕವೆಲ್ಲ ಆಲಂನ ಅಳತೆಯಲ್ಲಿದೆ. ಹೊಳೆಯ ಬಗ್ಗಡ ಮಳೆಗಾಲದಲ್ಲಿ ಬೆಳಿಗ್ಗೆಗೊಂದು, ಸಂಜೆಗೊಂದು. ಆರು ಗಾಜಿನ ಜಾಡಿಗಳಲ್ಲಿ ಹೊಳೆ ನೀರು ಹಿಡಿದು, ಒಂದೊಂದಕ್ಕೆ ಒಂದೊಂದು ಅಳತೆಯ ಆಲಂ ಹಾಕಿ, ಕಲಕಿ, ಯಾವ ಜಾಡಿ ಮೊದಲು ತಿಳಿಯಾಗುತ್ತದೆ ಎಂದು ನೋಡಿ ಆ ಹೊತ್ತಿನ ಅಳತೆ ತೀರ್ಮಾನಿಸಬೇಕು. ಇದಕ್ಕೆ ಜಾರ್ ಟೆಸ್ಟ್ ಎನ್ನುತ್ತೇವೆ. ಮಳೆಗಾಲದಲ್ಲಿ ಇದನ್ನು ದಿನಕ್ಕೊಮ್ಮೆ ಮಾಡಿದರೆ ಸಾಲದು. ಕಡಿಮೆ ಹಾಕಿದರೆ ಮಣ್ಣು ದಾಟಿ ಬರುತ್ತದೆ. ಹೆಚ್ಚು ಹಾಕಿದರೆ ಅಲ್ಯೂಮಿನಿಯಂ ನೀರಿನಲ್ಲಿ ಉಳಿಯುತ್ತದೆ. ಮಾನಕದಲ್ಲಿ ಅದಕ್ಕೆ ಲೀಟರಿಗೆ 0.03 ಮಿಲಿಗ್ರಾಂ ಮಿತಿ, ಬೇರೆ ದಾರಿಯಿಲ್ಲದಾಗ 0.2. ಮೆದು ನೀರಿಗೆ ಆಲಂ ಬಿದ್ದರೆ ನೀರು ಬೇಗ ಹುಳಿಗೆ ತಿರುಗುವುದರಿಂದ ಜೊತೆಗೆ ಸುಣ್ಣವನ್ನೂ ಕೊಟ್ಟು ಪಿಎಚ್ ಕಾಯಬೇಕಾಗುತ್ತದೆ. ರಾತ್ರಿ ಪಾಳಿಯಲ್ಲಿ ನಿದ್ದೆಗೆಟ್ಟು ಈ ಲೆಕ್ಕ ನೋಡುವ ಫಿಲ್ಟರ್ ಹೌಸಿನ ಆಪರೇಟರುಗಳನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಊರಿನ ಆರೋಗ್ಯ ಅವರ ಕೈಯಲ್ಲಿದೆ, ಆದರೆ ಅವರ ಹೆಸರು ಊರಿನಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ಮಣ್ಣು ದಾಟಿ ಬಂದ ನೀರನ್ನು ‘ಬರೀ ಕೆಮ್ಮಣ್ಣು ತಾನೇ’ ಎಂದು ತಳ್ಳಿಹಾಕಬೇಡಿ. ನೀರಿನ ಮಬ್ಬು ಅದರ ಅಳತೆಯ ಮಾನದಲ್ಲಿ 1 ಎನ್‌ಟಿಯು ಒಳಗಿರಬೇಕು, 5ನ್ನು ಮೀರಲೇಬಾರದು ಎಂದು ಮಾನಕ ಹೇಳುತ್ತದೆ. ರೋಗಾಣು ಮಣ್ಣಿನ ಕಣದ ಸಂದಿಯಲ್ಲಿ ಕೂತರೆ ಕ್ಲೋರಿನ್ ಅದನ್ನು ಮುಟ್ಟುವುದಿಲ್ಲ, ಮತ್ತು ಮಣ್ಣಿನ ಜೊತೆ ಬಂದ ಎಲೆಕೊಳೆ ಕ್ಲೋರಿನ್ನನ್ನು ತಾನೇ ನುಂಗಿಬಿಡುತ್ತದೆ. ಇದಕ್ಕೆ ನಮ್ಮ ದೇಶ ಕಲಿತ ಬಹು ದೊಡ್ಡ ಪಾಠ ದೆಹಲಿಯದು. ಯಮುನೆಯಲ್ಲಿ ಪ್ರವಾಹ ಬಂದು ಇಳಿದ ಮೇಲೆ ಹೊಳೆ ಪಾತ್ರ ಬದಲಿಸಿತು, ನಜಫ್‌ಗಢ ನಾಲೆಯ ಕೊಳಚೆ ಹಿಂದಕ್ಕೆ ನುಗ್ಗಿ ವಜೀರಾಬಾದಿನ ನೀರೆತ್ತುವ ಜಾಗ ಸೇರಿತು. 1955ರ ಡಿಸೆಂಬರಿನಿಂದ 1956ರ ಜನವರಿವರೆಗೆ 29 ಸಾವಿರಕ್ಕೂ ಹೆಚ್ಚು ಜನರಿಗೆ ಕಾಮಾಲೆ ಬಂತು. ಅಪಾಯದ ಸುಳಿವು ಸಿಕ್ಕಿ ಘಟಕದಲ್ಲಿ ಆಲಂ, ಕ್ಲೋರಿನ್ ಎರಡನ್ನೂ ಹೆಚ್ಚಿಸಿದ್ದರು. ಟೈಫಾಯ್ಡ್, ಭೇದಿ ಹಬ್ಬಲಿಲ್ಲ, ಆದರೆ ವೈರಸ್ ದಾಟಿತು. ಅದು ಈಗ ಹೆಪಟೈಟಿಸ್ ಇ ಎಂದು ಹೆಸರಿರುವ ರೋಗ ಎಂದು ಬಹಳ ವರ್ಷಗಳ ಮೇಲೆ ತಿಳಿಯಿತು. ಬಸುರಿಯರಿಗೆ ಅದು ಪ್ರಾಣಾಂತಿಕ. ಆದ್ದರಿಂದ ನೀರು ಮಬ್ಬಾಗಿರುವ ದಿನ ವಾಸನೆ ಎಷ್ಟೇ ಇರಲಿ, ಮನೆಯವರೆಲ್ಲರೂ ಕುದಿಸಿದ ನೀರನ್ನೇ ಕುಡಿಯಿರಿ.

ಇನ್ನು ವಾಸನೆಯ ವಿಷಯ. ಇದನ್ನು ಹೇಳಲೆಂದೇ ಇಷ್ಟು ದೀರ್ಘವಾಗಿ ಉತ್ತರಿಸುತ್ತಿದ್ದೇನೆ.

ಸೇವೆಯಲ್ಲಿದ್ದಾಗ ಮಲೆನಾಡಿನ ಒಂದು ತಾಲೂಕು ಊರಿನಲ್ಲಿ ಒಂದೇ ಓಣಿಯ ಹದಿನೈದಿಪ್ಪತ್ತು ಮನೆಗಳಲ್ಲಿ ಕಾಮಾಲೆ ಕಾಣಿಸಿಕೊಂಡಿತು. ಪಕ್ಕದ ಓಣಿಗೆ ಏನೂ ಆಗಿರಲಿಲ್ಲ. ಫಿಲ್ಟರ್ ಹೌಸಿಗೆ ಹೋದೆವು, ಪುಸ್ತಕದಲ್ಲಿ ಎಲ್ಲ ಸರಿಯಿತ್ತು. ನಾವೇ ಹಿಡಿದು ನೋಡಿದ ನೀರೂ ಚೆನ್ನಾಗಿತ್ತು. ಓವರ್‌ಹೆಡ್ ಟ್ಯಾಂಕಿನ ಕೆಳಗೆ ಹಿಡಿದ ನೀರಿಗೆ ಕ್ಲೋರಿನ್ ಪತ್ತೆಹಚ್ಚುವ ಓಟಿ ದ್ರಾವಣದ ಹನಿ ಬಿಟ್ಟರೆ ನಿಂಬೆಹಣ್ಣಿನ ಹಳದಿ ಬಂತು, ಅಂದರೆ ಕ್ಲೋರಿನ್ ಇದೆ. ಓಣಿಯ ಬಾಯಲ್ಲಿ ಹಳದಿ ತುಸು ತೆಳುವಾಯಿತು. ಓಣಿಯ ನಡುವಿನ ಮನೆಯೊಂದರಲ್ಲಿ ನಳಿಗೆಗೆ ಹನಿ ಬಿಟ್ಟು, ಬೆಳಕಿಗೆ ಹಿಡಿದು ನಿಂತೆ. ನೀರು ಕನ್ನಡಿಯ ಹಾಗೆ ತಿಳಿಯಾಗಿತ್ತು, ಹಳದಿಯ ಸುಳಿವೇ ಇರಲಿಲ್ಲ. ಆ ಮನೆಯ ಯಜಮಾನಿ ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: ‘ನಮ್ಮ ಓಣಿ ನೀರೇ ಚೆನ್ನಾಗಿದೆ ಸಾರ್, ಬೇರೆಯವರ ನೀರಿನ ತರಹ ಔಷಧಿ ವಾಸನೆ ಹೊಡೆಯಲ್ಲ.’

ವಾಲ್ವ್‌ಮನ್ ಜೊತೆ ಚರಂಡಿಯ ಚಪ್ಪಡಿ ಎತ್ತಿಸಿದೆವು. ಮನೆಗಳಿಗೆ ಹೋಗುವ ಮುಕ್ಕಾಲಂಗುಲದ ಪೈಪುಗಳು ಚರಂಡಿಯೊಳಗೇ ಹಾದುಹೋಗಿದ್ದವು, ಒಂದಕ್ಕೊಂದು ಹೆಣೆದುಕೊಂಡು. ಒಂದರ ಜಾಯಿಂಟಿಗೆ ಹಳೆಯ ಸೈಕಲ್ ಟ್ಯೂಬು ಸುತ್ತಿತ್ತು. ನೀರು ಬಿಟ್ಟಿದ್ದ ಹೊತ್ತಿನಲ್ಲಿ ಅಲ್ಲಿಂದ ನೀರು ಹೊರಗೆ ಚಿಮ್ಮುತ್ತಿತ್ತು. ನೀರು ನಿಲ್ಲಿಸಿ ಹತ್ತು ನಿಮಿಷ ಕಾದೆವು. ಚರಂಡಿ ನೀರು ಅದೇ ಸಂದಿನ ಸುತ್ತ ಸಣ್ಣ ಸುಳಿ ಕಟ್ಟಿ ಒಳಗೆ ಹೋಗುವುದನ್ನು ಕಣ್ಣಾರೆ ಕಂಡೆ. ಓಣಿಯ ತುದಿಯ ಮನೆಯವರು ನೀರು ಸಾಲದೆಂದು ನಲ್ಲಿಗೇ ನೇರವಾಗಿ ಮೋಟರ್ ಕಟ್ಟಿದ್ದರು. ಮೋಟರ್ ಎಳೆದಾಗಲೆಲ್ಲ ಪೈಪು ಖಾಲಿಯಾಗಿ, ಆ ಖಾಲಿ ತುಂಬಲು ಚರಂಡಿ ಬರುತ್ತಿತ್ತು. ಹಾಗೆ ಬಂದ ಕೊಳಚೆಯ ಜೊತೆ ಹೋರಾಡಿ ಕ್ಲೋರಿನ್ ಪೂರ್ತಿ ಖರ್ಚಾಗಿತ್ತು. ಆ ಯಜಮಾನಿ ಮೆಚ್ಚಿಕೊಂಡಿದ್ದ ‘ವಾಸನೆಯಿಲ್ಲದ ನೀರು’ ಅದೇ.

ನಲ್ಲಿಯಲ್ಲಿ ಹಿಡಿದ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು ಎಂಬ ನಿಯಮ ಇರುವುದು ಇದಕ್ಕೇ. ಅಷ್ಟು ಉಳಿದಿದೆ ಎಂದರೆ ದಾರಿಯಲ್ಲಿ ಏನು ಬೆರೆತಿದ್ದರೂ ಅದನ್ನು ಎದುರಿಸಿ ಮಿಕ್ಕಿದೆ ಎಂದರ್ಥ. ಹಾಗಾಗಿ ತಿಳಿ ನೀರಿನಲ್ಲಿ ಬ್ಲೀಚಿಂಗ್ ವಾಸನೆ ತೆಳ್ಳಗೆ ಬಂದ ದಿನ ನಿಶ್ಚಿಂತೆಯಿಂದಿರಿ. ದಿನವೂ ಇರುವ ವಾಸನೆ ಒಂದು ದಿನ ತಟ್ಟನೆ ಮಾಯವಾದರೆ ಆ ದಿನ ಪಾಲಿಕೆಗೆ ಫೋನ್ ಮಾಡಿ. ವಾಸನೆ ವಿಪರೀತ ಜೋರಾಗಿದ್ದರೂ ಹೇಳಿ, ಎಲ್ಲೋ ಅಳತೆ ತಪ್ಪಿರಬಹುದು. ವಾಸನೆ ಸಹಿಸಲಾಗದವರು ಅಗಲ ಬಾಯಿಯ ಪಾತ್ರೆಯಲ್ಲಿ ಬಟ್ಟೆ ಮುಚ್ಚಿ ಗಂಟೆಗಟ್ಟಲೆ ಇಟ್ಟರೆ ತಾನಾಗಿ ಹೋಗುತ್ತದೆ. ಕ್ಲೋರಿನ್ ಎಲೆಕೊಳೆಯ ಜೊತೆ ಸೇರಿ ಬೇರೆ ರಾಸಾಯನಿಕಗಳಾಗುತ್ತವೆ, ಅವು ಒಳ್ಳೆಯದಲ್ಲ ಎಂದು ನೀವು ಓದಿರಬಹುದು. ನಿಜ, ಕಾಡಿನ ಹೊಳೆಗಳಲ್ಲಿ ಅದಕ್ಕೆ ಅವಕಾಶವೂ ಇದೆ. ಆದರೆ ಅದು ಹತ್ತಾರು ವರ್ಷಗಳ ಲೆಕ್ಕದ ಸಣ್ಣ ಅಪಾಯ, ಅದಕ್ಕೆ ಹೆದರಿ ಕ್ಲೋರಿನ್ ಕಡಿಮೆ ಮಾಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಸ್ಪಷ್ಟವಾಗಿ ಹೇಳಿದೆ. ಭೇದಿ ನಾಳೆ ಬೆಳಿಗ್ಗೆಯೇ ಬರಬಹುದು.

ಕ್ಲೋರಿನ್ ನೋಡುವ ಕಿಟ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಈಜುಕೊಳಕ್ಕೆ, ಮೀನಿನ ತೊಟ್ಟಿಗೆ ಸಾಮಾನು ಮಾರುವ ಅಂಗಡಿಯಲ್ಲೂ ಕೇಳಬಹುದು. ಹಳದಿ ಬರುವುದು ಒಂದು ಬಗೆ, ಗುಲಾಬಿ ಬರುವುದು ಇನ್ನೊಂದು ಬಗೆ. ಗುಲಾಬಿಯದು ಹೆಚ್ಚು ನಂಬಿಕಸ್ತ. ಆ ದ್ರಾವಣ ಮಗುವಿನ ಕೈಗೆ ಸಿಗದಂತೆ ಇಡಿ, ಪರೀಕ್ಷೆ ಮಾಡಿದ ನೀರನ್ನು ಚೆಲ್ಲಿ. ನಾನಾಗಿದ್ದರೆ ಆರ್‌ಒ ಬದಲು ಮೊದಲು ಇದನ್ನು ಕೊಳ್ಳುತ್ತಿದ್ದೆ.

ಕಿಟ್ ಬಂದ ದಿನ ಮೂರು ಕಡೆ ನೀರು ಹಿಡಿಯಿರಿ. ಬೀದಿಯಿಂದ ಬರುವ ನಲ್ಲಿ, ಅಂದರೆ ಸಂಪಿಗೆ ಬೀಳುವ ಮುಂಚಿನ ನೀರು ಒಂದು. ಸಂಪಿನ ನೀರು ಎರಡು. ಅಡುಗೆಮನೆ ನಲ್ಲಿ, ಅಂದರೆ ಮೇಲಿನ ಟ್ಯಾಂಕಿನ ನೀರು ಮೂರು. ಬೀದಿ ನಲ್ಲಿಯಲ್ಲೇ ಬಣ್ಣ ಬಾರದಿದ್ದರೆ ತಪ್ಪು ಹೊರಗಿದೆ. ಬೀದಿಯಲ್ಲಿ ಬಂದು ಅಡುಗೆಮನೆಯಲ್ಲಿ ಬಾರದಿದ್ದರೆ ತಪ್ಪು ನಿಮ್ಮ ಅಂಗಳದಲ್ಲಿದೆ. ನನ್ನ ಅನುಭವದಲ್ಲಿ ಸಂಪಿರುವ ಮನೆಗಳಲ್ಲಿ ಎರಡನೆಯದೇ ಹೆಚ್ಚು.

ಸಂಪಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ. ಮುಚ್ಚಳ ಅಂಗಳದ ಮಟ್ಟಕ್ಕಿಂತ ಎತ್ತರದಲ್ಲಿದೆಯೇ, ಇಲ್ಲದಿದ್ದರೆ ಮಳೆ ನೀರು, ಅಂಗಳ ತೊಳೆದ ನೀರು ಎಲ್ಲವೂ ಒಳಗೇ. ಗೋಡೆಯಲ್ಲಿ ಜಿನುಗಿನ ಕಲೆ, ಬೇರು ಕಾಣುತ್ತಿದೆಯೇ, ಪಾಯಿಖಾನೆಯ ಗುಂಡಿ ಎಷ್ಟು ದೂರದಲ್ಲಿದೆ. ಮಳೆಗಾಲದಲ್ಲಿ ನೆಲದೊಳಗಿನ ನೀರು ಮೇಲೆ ಬಂದಾಗ ಬಿರುಕಿರುವ ಸಂಪಿಗೆ ಅದು ಹೊರಗಿನಿಂದ ಒಳಕ್ಕೆ ಜಿನುಗುತ್ತದೆ. ಕೊಳವೆಬಾವಿ ನೀರನ್ನೂ ಅದೇ ಸಂಪಿಗೆ ಬಿಡುತ್ತಿದ್ದರೆ ನಿಲ್ಲಿಸಿ, ಅದರ ಕಬ್ಬಿಣದಂಶ ನಗರದ ನೀರಿನ ಕ್ಲೋರಿನ್ನನ್ನು ತಿಂದುಹಾಕುತ್ತದೆ.

ಸಂಪು ತೊಳೆಸುವಾಗ ಒಂದು ಮಾತು ತಪ್ಪದೆ ನೆನಪಿಡಿ. ಯಾರನ್ನೂ ಒಬ್ಬರನ್ನೇ ಒಳಗಿಳಿಸಬೇಡಿ. ಮುಚ್ಚಳ ತೆರೆದು ಗಂಟೆಗಳ ಕಾಲ ಗಾಳಿಯಾಡಲಿ, ಮೋಟರಿನ ಕರೆಂಟು ತೆಗೆದಿರಲಿ, ಮೇಲೆ ಒಬ್ಬರು ಹಗ್ಗ ಹಿಡಿದು ನಿಂತಿರಲಿ. ಒಳಗೆ ಆಸಿಡ್, ಫಿನಾಯಿಲ್ ಬೇಡ, ಬ್ಲೀಚಿಂಗ್ ಪೌಡರಿಗೆ ಆಸಿಡ್ ಸೇರಿದರೆ ಕೊಲ್ಲುವ ಗಾಳಿ ಏಳುತ್ತದೆ. ಉಜ್ಜಿ ತೊಳೆದು ಎಲ್ಲರೂ ಹೊರಬಂದ ಮೇಲೆ ನೀರು ತುಂಬಿಸಿ, ಸಾವಿರ ಲೀಟರಿಗೆ 200 ಗ್ರಾಂ ಬ್ಲೀಚಿಂಗ್ ಪೌಡರ್ ಲೆಕ್ಕದಲ್ಲಿ ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನು ಹುಯ್ಯಿರಿ. ಅದನ್ನೇ ಮೇಲಿನ ಟ್ಯಾಂಕಿಗೂ ಏರಿಸಿ, ಎಲ್ಲ ನಲ್ಲಿಗಳನ್ನು ತೆರೆದು ವಾಸನೆ ಬರುವವರೆಗೆ ಬಿಟ್ಟು ನಿಲ್ಲಿಸಿ. ರಾತ್ರಿಯಿಡೀ ನಿಂತು ಬೆಳಿಗ್ಗೆ ಪೂರ್ತಿ ಖಾಲಿಯಾಗಲಿ. ಆ ನೀರನ್ನು ಯಾರೂ ಕುಡಿಯಬಾರದು, ಗಿಡಕ್ಕೂ ಹಾಕಬಾರದು. ವರ್ಷಕ್ಕೆ ಎರಡು ಸಲ, ಮುಂಗಾರಿಗೆ ಮುಂಚೆ ಒಮ್ಮೆ, ದೀಪಾವಳಿ ಹೊತ್ತಿಗೆ ಒಮ್ಮೆ ಮಾಡಿಸಿದರೆ ಸಾಕು. ನಡುವೆ ಸಂಪಿನಲ್ಲಿ ಕ್ಲೋರಿನ್ ಕಾಣದ ದಿನ ಸಾವಿರ ಲೀಟರಿಗೆ 4 ಗ್ರಾಂ ಪೌಡರ್ ಇದೇ ರೀತಿ ಕಲಸಿ ಹಾಕಿ, ಅರ್ಧ ಗಂಟೆ ಬಿಟ್ಟು ಬಳಸಬಹುದು. ಪೌಡರ್ ಹೊಸದಿರಲಿ. ಬಾಯಿ ತೆರೆದಿಟ್ಟ ಪೊಟ್ಟಣದಲ್ಲಿ ಕೊನೆಗೆ ಉಳಿಯುವುದು ಬರೀ ಸುಣ್ಣ.

ಅತ್ತೆಯವರು ಬಟ್ಟೆಯಲ್ಲಿ ಸೋಸುವುದನ್ನು ಬಿಡಿಸಬೇಡಿ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಹತ್ತಿ ಸೀರೆಯನ್ನು ಹಲವು ಪದರ ಮಡಿಚಿ ಹೊಳೆ, ಕೆರೆ ನೀರನ್ನು ಸೋಸಿ ಕುಡಿದಾಗ ಕಾಲರಾ ಹತ್ತಿರ ಹತ್ತಿರ ಅರ್ಧಕ್ಕಿಳಿದದ್ದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿದೆ. ನೀರಿನಲ್ಲಿರುವ ಸಣ್ಣ ಜೀವಿಗಳ ಮೈಗೆ ಕಾಲರಾ ಬ್ಯಾಕ್ಟೀರಿಯಾ ಅಂಟಿಕೊಂಡಿರುತ್ತದೆ, ಆ ಜೀವಿಗಳನ್ನು ಹಳೆಯ ಬಟ್ಟೆಯ ನೂಲು ಹಿಡಿಯುತ್ತದೆ. ಆದರೆ ಒಂಟಿಯಾಗಿ ತೇಲುವ ರೋಗಾಣು, ಕಾಮಾಲೆಯ ವೈರಸ್ ಯಾವ ಬಟ್ಟೆಗೂ ಸಿಕ್ಕುವುದಿಲ್ಲ. ಸೋಸಿ ಆಮೇಲೆ ಕುದಿಸಿ, ಅತ್ತೆಯ ವಿದ್ಯೆಯೂ ಉಳಿಯಿತು, ಮಗುವೂ ಉಳಿಯಿತು. ಕುದಿಸಿದ್ದನ್ನು ಕಿರಿದಾದ ಬಾಯಿಯ ಬಿಂದಿಗೆಯಲ್ಲೋ ನಲ್ಲಿಯಿರುವ ಪಾತ್ರೆಯಲ್ಲೋ ಇಡಿ. ಮನೆಗೆ ಬಂದವರು, ಮಕ್ಕಳು ಎಲ್ಲರೂ ಲೋಟವನ್ನು ಬೆರಳ ಸಮೇತ ಮುಳುಗಿಸಿ ನೀರು ತೆಗೆಯುವ ಅಭ್ಯಾಸವಿದ್ದರೆ ಫಿಲ್ಟರ್ ಹೌಸಿನ ಇಡೀ ದುಡಿಮೆ ಅಲ್ಲಿಗೆ ಮುಗಿಯಿತು. ಯಂತ್ರ ಬೇಕೇ ಬೇಕು ಎನ್ನಿಸಿದರೆ ಆರ್‌ಒ ಇಲ್ಲದ ಯುವಿ ಶುದ್ಧೀಕರಣದ್ದು, ಅಂದರೆ ನೇರಳಾತೀತ ಬೆಳಕಿನಿಂದ ರೋಗಾಣು ಕೊಲ್ಲುವಂಥದ್ದು ಕೊಳ್ಳಿ. ಆದರೆ ಮಬ್ಬು ನೀರಿನಲ್ಲಿ ಯುವಿ ಬೆಳಕೂ ಮಂಕಾಗುತ್ತದೆ, ಯುವಿಗೆ ಮುಂಚೆ ನೀರು ಸೋಸುವ ಫಿಲ್ಟರನ್ನು ಮಳೆಗಾಲದಲ್ಲಿ ಮರೆಯದೆ ಬದಲಾಯಿಸಬೇಕು.

ಹೊಳೆಯ ಬಗ್ಗೆಯೂ ಒಂದೆರಡು ಮಾತು ಹೇಳದಿದ್ದರೆ ನನ್ನ ಮನಸ್ಸು ಒಪ್ಪುವುದಿಲ್ಲ. ಹಿರಿಯರು ತುಂಗಾ ಪಾನ ಎಂದಾಗ ಮೇಲಿನ ಊರುಗಳ ಚರಂಡಿ ಹೊಳೆಗೆ ಬರುತ್ತಿರಲಿಲ್ಲ. ಈಗ ದಂಡೆಯುದ್ದಕ್ಕೂ ಪೇಟೆಗಳು, ಲಾಡ್ಜುಗಳು, ಯಾತ್ರಿಕರು. ಮಳೆಗಾಲದಲ್ಲಿ ಅಡಿಕೆ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತ, ತೋಟದ ಬೇರೆ ಔಷಧಿಗಳು ಮಣ್ಣಿನ ಜೊತೆ ಹೊಳೆಗೆ ಇಳಿಯುತ್ತವೆ. ತುಂಬಿದ ಹೊಳೆಯಲ್ಲಿ ಅವು ಬಹಳ ತೆಳುವಾಗುತ್ತವೆ ಎಂಬುದು ಸಮಾಧಾನ. ಆದರೆ ಇಂಥವನ್ನು ಆಲಂ, ಮರಳು, ಕ್ಲೋರಿನ್ ನೆಚ್ಚಿ ಬಿಡುವಂತಿಲ್ಲ, ಆಗಾಗ ಪರೀಕ್ಷೆ ಮಾಡಿಸಿ ಅಂಕಿಗಳನ್ನು ಜನರ ಮುಂದಿಡಬೇಕು. ಅದನ್ನು ಕೇಳುವ ಹಕ್ಕು ನೀರಿನ ತೆರಿಗೆ ಕಟ್ಟುವ ನಿಮಗಿದೆ. ಹಾಗೆಯೇ ಶಿವಮೊಗ್ಗ ಹೊಳೆಗೆ ಬಿಟ್ಟದ್ದು ಕೂಡ್ಲಿಯಲ್ಲಿ ಭದ್ರೆಯನ್ನು ಸೇರಿ ಹೊನ್ನಾಳಿಯವರ, ಹರಿಹರದವರ ಬಿಂದಿಗೆಗೆ ಹೋಗುತ್ತದೆ. ಅಲ್ಲಿಯೂ ಎರಡೂವರೆ ವರ್ಷದ ಮಕ್ಕಳಿವೆ.

ಬ್ಯಾಕ್ಟೀರಿಯಾ ಪರೀಕ್ಷೆ ಮಾಡಿಸುವುದಾದರೆ ಜಿಲ್ಲಾ ಮಟ್ಟದ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಮೊದಲು ಹೋಗಿ ಅವರದೇ ಬಾಟಲಿ ತನ್ನಿ. ಅದರೊಳಗಿನ ಪುಡಿ ತೊಳೆದುಬಿಡಬೇಡಿ, ಅದು ಕ್ಲೋರಿನ್ನನ್ನು ಅಲ್ಲಿಗೇ ನಿಲ್ಲಿಸಿ ಸರಿಯಾದ ಲೆಕ್ಕ ಸಿಗಲೆಂದು ಹಾಕಿರುವುದು. ನಲ್ಲಿಯನ್ನು ಒರೆಸಿ, ಎರಡು ಮೂರು ನಿಮಿಷ ನೀರು ಹರಿಯಬಿಟ್ಟು, ಬಾಟಲಿಯ ಬಾಯಿಗೆ ಬೆರಳು ತಾಗದಂತೆ ಹಿಡಿದು, ಐಸ್ ಜೊತೆ ಆರು ಗಂಟೆಯೊಳಗೆ ತಲುಪಿಸಿ. ವರದಿಯಲ್ಲಿ ಉದ್ದನೆಯ ಪಟ್ಟಿ ಇರುತ್ತದೆ. ನೀವು ಮೊದಲು ಕಣ್ಣು ಹಾಯಿಸಬೇಕಾದ ಸಾಲು ಇ. ಕೋಲಿ. 100 ಮಿಲಿಲೀಟರಿನಲ್ಲಿ ಅದು ಇರಲೇಬಾರದು, ಒಂದೂ ಇರಬಾರದು. ಇದ್ದರೆ ಎಲ್ಲೋ ಮಲ ಬೆರೆತಿದೆ, ಬೇರೆ ಅರ್ಥವಿಲ್ಲ.

ಬೀದಿ ನಲ್ಲಿಯಲ್ಲಿ ಕ್ಲೋರಿನ್ ಬಣ್ಣ ಬಾರದೆ ಹೋದರೆ ಪಾಲಿಕೆಗೆ ಲಿಖಿತ ದೂರು ಕೊಡಿ, ‘ನೀರು ಸರಿಯಿಲ್ಲ’ ಎಂದಷ್ಟೇ ಬರೆಯಬೇಡಿ. ಯಾವ ದಿನ, ಎಷ್ಟು ಗಂಟೆಗೆ, ನೀರು ಬಿಟ್ಟ ಎಷ್ಟು ಹೊತ್ತಿಗೆ ಹಿಡಿದದ್ದು, ಅಕ್ಕಪಕ್ಕದ ಎಷ್ಟು ಮನೆಗಳಲ್ಲಿ ಹಾಗೇ ಇದೆ, ಹತ್ತಿರದಲ್ಲಿ ರಸ್ತೆ ಅಗೆದಿದ್ದಾರೆಯೇ, ಯಾರ ಮನೆಯಲ್ಲಿ ಭೇದಿ ಅಥವಾ ಕಾಮಾಲೆ ಇದೆ, ಇಷ್ಟನ್ನು ಬರೆಯಿರಿ. ಇವು ಕೈಯಲ್ಲಿದ್ದರೆ ವಾಲ್ವ್‌ಮನ್ ಅರ್ಧ ದಿನದಲ್ಲಿ ಒಡೆದ ಜಾಗ ಹುಡುಕುತ್ತಾನೆ. ಅದರ ಒಂದು ಪ್ರತಿಯನ್ನು ಮೂರು ನಳಿಗೆಗಳ ಫಲಿತಾಂಶದ ಜೊತೆ ನನಗೂ ಕಳಿಸಿ, ಮುಂದೇನು ಮಾಡಬೇಕೆಂದು ಬರೆಯುತ್ತೇನೆ.